ಬ್ಯಾಂಟಿಂಗನ ಊಟ, ಕಂಡಕ್ಟರನ ಮೆಟ್ಟಿಲು

೧೮೬೨ನೆಯ ಇಸವಿ. ಲಂಡನ್ ನಗರದ ಒಬ್ಬ ಗೌರವಸ್ಥ ಗೃಹಸ್ಥ ಮಹಡಿಯಿಂದ ಕೆಳಕ್ಕೆ ಬರುವಾಗ ಎಲ್ಲರಂತೆ ಮುಂದೆ ನೋಡಿಕೊಂಡು ಇಳಿಯಲಾರದವನಾಗಿದ್ದ. ಮೆಟ್ಟಿಲುಗಳ ಕಡೆಗೆ ಮುಖಮಾಡಿ, ಒಂದೊಂದೇ ಹೆಜ್ಜೆಯನ್ನು ಹಿಂದಕ್ಕೆ ಇಡುತ್ತ, ನಿಧಾನವಾಗಿ ಇಳಿಯಬೇಕಾಗಿತ್ತು. ಮುಂದಾಗಿ ಇಳಿದರೆ ಮೈಭಾರವೆಲ್ಲ ಮೊಣಕಾಲು ಹರಡುಗಳ ಮೇಲೆ ಬಿದ್ದು ಕೀಲುಗಳು ಕಳಚಿದಂತಾಗುತ್ತಿತ್ತು. ಬಗ್ಗಿ ತನ್ನ ಬೂಟಿನ ದಾರವನ್ನು ಕಟ್ಟಿಕೊಳ್ಳುವುದೂ ಆತನಿಂದ ಆಗುತ್ತಿರಲಿಲ್ಲ. ಹೆಸರು ವಿಲಿಯಂ ಬ್ಯಾಂಟಿಂಗ್. ವಯಸ್ಸು ೬೫, ಎತ್ತರ ೫ ಅಡಿ ೫ ಅಂಗುಲ, ತೂಕ ೨೦೨ ಪೌಂಡು, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು ೯೨ ಕಿಲೋಗ್ರಾಂ.

ಬ್ಯಾಂಟಿಂಗನ ಮನೆತನದ್ದು ಸಾಮಾನ್ಯ ವೃತ್ತಿಯಲ್ಲ. ಇಂಗ್ಲೆಂಡಿನ ರಾಜಮನೆತನದವರು ಕಾಲವಾದಾಗ ಅಂತ್ಯಯಾತ್ರೆಯ ಸಕಲ ವ್ಯವಸ್ಥೆಯನ್ನೂ ಮಾಡುತ್ತಿದ್ದವರು ಈ ಮನೆಯವರು. ೧೮೫೨ರಲ್ಲಿ ವೆಲಿಂಗ್ಟನ್ ಪ್ರಭುವಿನ ಶವಯಾತ್ರೆಯನ್ನೂ ೧೮೬೧ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನ ಶವಯಾತ್ರೆಯನ್ನೂ ನಡೆಸಿಕೊಟ್ಟದ್ದು ಇದೇ ಸಂಸ್ಥೆ. ದೊಡ್ಡವರ ಮರಣವನ್ನು ಅಷ್ಟು ಹತ್ತಿರದಿಂದ ಕಂಡ ಮನೆಯ ಹಿರಿಯ ತನ್ನ ಬದುಕಿನ ಕೊನೆಯ ಭಾಗದಲ್ಲಿ ಬಯಸಿದ್ದು ಬಹಳ ಸಣ್ಣ ಸೌಭಾಗ್ಯವನ್ನು: ತನ್ನ ಬೂಟನ್ನು ತಾನೇ ಕಟ್ಟಿಕೊಳ್ಳುವಂತಾಗಬೇಕು, ಮೆಟ್ಟಿಲನ್ನು ಮನುಷ್ಯರಂತೆ ಇಳಿಯುವಂತಾಗಬೇಕು.

ಆತ ಸೋಮಾರಿಯಾಗಿರಲಿಲ್ಲ. ಬೇಗ ಏಳುವವನು, ಜೀವಮಾನವೆಲ್ಲ ಓಡಾಡಿ ವ್ಯವಹಾರ ನಡೆಸಿದವನು. ಮೈ ಬೆಳೆಯತೊಡಗಿದಾಗ ಸುಮ್ಮನೆ ಕುಳಿತವನೂ ಅಲ್ಲ. ವೈದ್ಯರೊಬ್ಬರು ದೇಹಕ್ಕೆ ಶ್ರಮ ಕೊಡಬೇಕೆಂದಾಗ ದಿನವೂ ಬೆಳಗ್ಗೆ ಒಂದೆರಡು ಗಂಟೆ ನದಿಯಲ್ಲಿ ದೋಣಿಗೆ ಹುಟ್ಟುಹಾಕಿದ. ತೋಳಿಗೇನೋ ಬಲ ಬಂತು. ಅದರ ಜೊತೆಗೇ ಅಪಾರವಾದ ಹಸಿವೂ ಬಂತು. ಹಸಿವಿಗೆ ತಕ್ಕಂತೆ ಉಂಡ, ಉಂಡದ್ದಕ್ಕೆ ತಕ್ಕಂತೆ ತೂಗಿದ. ಕೊನೆಗೆ ದೋಣಿಯನ್ನು ಬಿಟ್ಟ. ಆರೋಗ್ಯಕ್ಕೆ ಹೆಸರಾದ ಊರುಗಳಿಗೆ ಹೋಗಿ ಅಲ್ಲಿನ ಖನಿಜದ ನೀರನ್ನು ಕುಡಿದು ಬಂದ. ಹಬೆಯ ಸ್ನಾನಗಳನ್ನು ಐವತ್ತರ ತನಕ ಮಾಡಿದ. ಇಳಿದದ್ದು ಕೇವಲ ೬ ಪೌಂಡು. ಇಷ್ಟರ ಮೇಲೆ ಬೀದಿಯಲ್ಲಿ, ಬಂಡಿಯಲ್ಲಿ, ಸಭೆಯಲ್ಲಿ ಜನರ ಕುಹಕದ ನೋಟ ಬೇರೆ. ಕುಂಟನನ್ನೋ ಕುರುಡನನ್ನೋ ಕಂಡು ನಗಲು ನಾಚುವ ಸಭ್ಯರು ದಪ್ಪಗಿರುವವನನ್ನು ಕಂಡು ನಗಲು ನಾಚುವುದಿಲ್ಲ. ಆ ನಗೆಗೆ ಅಂಜಿ ಬ್ಯಾಂಟಿಂಗ್ ಜನರ ನಡುವೆ ಹೋಗುವುದನ್ನೇ ಕಡಿಮೆ ಮಾಡಿದ.

ವಿಮೋಚನೆ ಬಂದದ್ದು ಕಿವಿಯ ದಾರಿಯಿಂದ. ಕಿವಿ ಮಂದವಾಯಿತೆಂದು ಆತ ವಿಲಿಯಂ ಹಾರ್ವೆ ಎಂಬ ಕಿವಿಯ ಶಸ್ತ್ರವೈದ್ಯನ ಬಳಿಗೆ ಹೋದ. (ರಕ್ತ ಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಇದಕ್ಕೆ ಎರಡು ಶತಮಾನ ಹಿಂದಿನವನು, ಇವನು ಬೇರೆ.) ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲೋದ್ ಬರ್ನಾರ್ ಎಂಬ ಪ್ರಸಿದ್ಧ ಶರೀರವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿ ಬಂದಿದ್ದ. ಪಿತ್ತಜನಕಾಂಗವು ದೇಹಕ್ಕೆ ಬೇಕಾದ ಸಕ್ಕರೆಯನ್ನು ತಾನೇ ತಯಾರಿಸುತ್ತದೆ ಎಂಬುದು ಬರ್ನಾರನ ಶೋಧನೆ. ಹಾಗಿರುವಾಗ ಸಿಹಿ ಪದಾರ್ಥಗಳೂ ಹಿಟ್ಟಿನ ಪದಾರ್ಥಗಳೂ ಹೆಚ್ಚಾಗಿ ಒಳಗೆ ಹೋದರೆ ಅವು ಕೊಬ್ಬಾಗಿ ಕೂರುತ್ತವೆಯೇ ಎಂಬ ಆಲೋಚನೆ ಹಾರ್ವೆಗೆ ಬಂದಿತ್ತು. ಕಿವಿ ಮಂದವಾಗಿರುವುದೂ ಬೊಜ್ಜಿನಿಂದಲೇ ಎಂದು ಆತ ತೀರ್ಮಾನಿಸಿದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆ ಇವನ್ನು ಬಿಡು. ಮಾಂಸ, ಮೀನು, ತರಕಾರಿ, ಹಣ್ಣು ಇವನ್ನು ಅಳತೆಯಲ್ಲಿ ತಿನ್ನು ಎಂದ. ಒಂದಿಷ್ಟು ಒಣಗಿದ ಸುಟ್ಟ ಬ್ರೆಡ್ಡಿಗೂ ಊಟದ ಜೊತೆ ದ್ರಾಕ್ಷಾರಸಕ್ಕೂ ಅಪ್ಪಣೆಯಿತ್ತು.

ಒಂದು ವರ್ಷ ಕಳೆಯಿತು. ಬ್ಯಾಂಟಿಂಗನ ತೂಕ ೪೬ ಪೌಂಡು ಇಳಿದಿತ್ತು; ಸೊಂಟದ ಸುತ್ತಳತೆ ೧೨ ಅಂಗುಲಕ್ಕೂ ಮಿಕ್ಕಿ ಕುಗ್ಗಿತ್ತು. ಕಿವಿ ಕೇಳಿಸತೊಡಗಿತು, ಮೊಣಕಾಲ ನೋವು ಹೋಯಿತು, ಮೆಟ್ಟಿಲನ್ನು ಮುಂದಾಗಿ ಇಳಿಯುವಂತಾಯಿತು. ಸಂತೋಷ ತಡೆಯಲಾರದೆ ಆತ ೧೮೬೩ರಲ್ಲಿ ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೆ ಬರೆದ ಒಂದು ಪತ್ರವನ್ನು ಚಿಕ್ಕ ಪುಸ್ತಕವಾಗಿ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಮೊದಲು ಬಿಟ್ಟಿಯಾಗಿಯೇ ಹಂಚಿದ. ಮಾರಾಟಕ್ಕೆ ಬಂದ ಮೇಲೆ ಬಂದ ಲಾಭವನ್ನು ಧರ್ಮಕಾರ್ಯಗಳಿಗೆ ಕೊಟ್ಟ. ವೈದ್ಯರಲ್ಲಿ ಕೆಲವರು ಕೆಂಡ ಕಾರಿದರು: ವೈದ್ಯನಲ್ಲದವನು ವೈದ್ಯ ಹೇಳುವುದೆಂದರೇನು? ಆದರೂ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ಪಥ್ಯ ಮಾಡಿ ಮೈ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ಆತನ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿತು. ಇಂಗ್ಲಿಷಿನಲ್ಲಿ ಅದು ಈಗ ಮರೆತುಹೋಗಿದೆ. ಸ್ವೀಡಿಷ್ ಭಾಷೆಯಲ್ಲಿ ಮಾತ್ರ ‘ಬಾಂಟಾ’ ಎಂಬ ರೂಪದಲ್ಲಿ ಇಂದಿಗೂ ಮನೆಮಾತಾಗಿದೆ. ಭಾಷೆಯ ಪಾಠ ಹೇಳುವ ನನ್ನಂಥವನಿಗೆ ಇದೊಂದು ವಿನೋದ. ಅರಸರ ಶವಯಾತ್ರೆ ನಡೆಸಿದ ಮನೆಯ ಹೆಸರು ಉಳಿದದ್ದು ದೂರದೇಶದವರು ಊಟದ ತಟ್ಟೆಯ ಮುಂದೆ ಆಡುವ ಒಂದು ಮಾತಿನಲ್ಲಿ! ಬ್ಯಾಂಟಿಂಗ್ ೧೮೭೮ರಲ್ಲಿ, ೮೧ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆಯನ್ನು ಊಟದ ಮಹಿಮೆಯ ಕಥೆಯಾಗಿ ಹೇಳಿ ಮುಗಿಸುವುದು ಸುಲಭ. ಆದರೆ ಇದರ ನಡುವೆ ಒಂದು ದೋಣಿ ಇದೆ. ಆ ದೋಣಿಯನ್ನು ಬ್ಯಾಂಟಿಂಗ್ ಏಕೆ ಬಿಟ್ಟ? ಅದರಿಂದ ತೂಕ ಇಳಿಯಲಿಲ್ಲವೆಂದು. ತೂಕ ಇಳಿಯದ ಮೇಲೆ ಶ್ರಮಕ್ಕೆ ಫಲವಿಲ್ಲ ಎಂದು ಆತ ಭಾವಿಸಿದ. ಬೆಳಗ್ಗೆ ಒಂದು ತಿಂಗಳು ಉದ್ಯಾನದಲ್ಲಿ ನಡೆದು, ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ಎರಡನೆಯ ತಿಂಗಳು ಹೊದಿಕೆ ಎಳೆದುಕೊಂಡು ಮಲಗುವ ನಾವೆಲ್ಲರೂ ಹಾಗೆಯೇ ಭಾವಿಸುತ್ತೇವೆ. ಈ ಭಾವನೆ ಸರಿಯೇ?

ನಮ್ಮ ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಏನೆನ್ನುತ್ತಿದ್ದರೆಂಬುದನ್ನು ಮೊದಲು ನೋಡೋಣ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ದೇಹದ ಕಾರಣದಿಂದ ನಿಂದೆಗೆ ಗುರಿಯಾಗುವ ಎಂಟು ಬಗೆಯ ಜನರನ್ನು ಹೆಸರಿಸುತ್ತದೆ. ಅತಿ ಎತ್ತರದವನು, ಅತಿ ಕುಳ್ಳ, ಮೈತುಂಬ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪು, ಅತಿ ಬಿಳಿ, ಅತಿ ಸ್ಥೂಲ, ಅತಿ ಕೃಶ. ಮೊದಲ ಆರು ಮಂದಿಯನ್ನು ಅಲ್ಲಿಗೇ ಬಿಟ್ಟು, ಕೊನೆಯ ಇಬ್ಬರನ್ನು ಮಾತ್ರ ಚರಕ ವಿವರವಾಗಿ ವಿಚಾರಿಸುತ್ತಾನೆ. ಆತ ಕೊಡುವ ಸ್ಥೂಲತೆಯ ಕಾರಣಗಳ ಪಟ್ಟಿಯನ್ನು ಓದಿದರೆ ಇಂದಿನ ಕಚೇರಿಯ ಜೀವನವನ್ನು ಕಂಡು ಬರೆದಂತಿದೆ: ಅತಿಯಾದ ಊಟ, ಗುರುವಾದ ಮತ್ತು ಸಿಹಿಯಾದ ಮತ್ತು ಜಿಡ್ಡಿನ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಸದಾ ನಿಶ್ಚಿಂತೆ. ಇವುಗಳ ಜೊತೆಗೆ ಬೀಜಸ್ವಭಾವ, ಎಂದರೆ ತಂದೆತಾಯಿಗಳಿಂದ ಬಂದ ಗುಣ. ದಪ್ಪಗಿರುವವರನ್ನೆಲ್ಲ ತಿಂಡಿಪೋತರೆಂದು ಹಳಿಯುವ ಇಂದಿನ ಕೆಲವರಿಗಿಂತ ಅಷ್ಟು ಹಿಂದಿನ ಈ ವೈದ್ಯ ಹೆಚ್ಚು ನ್ಯಾಯವಂತ.

ಇನ್ನೂ ಒಂದು ಸೂಕ್ಷ್ಮವನ್ನು ಆತ ಗಮನಿಸಿದ್ದಾನೆ. ಸ್ಥೂಲನಾದವನಿಗೆ ಹಸಿವೂ ಬಾಯಾರಿಕೆಯೂ ಅತಿಯಾಗುತ್ತವೆ; ಕೊಬ್ಬು ದಾರಿ ಕಟ್ಟಿದ್ದರಿಂದ ವಾಯು ಒಳಗೇ ಸುಳಿದು ಜಠರಾಗ್ನಿಯನ್ನು ಊದುತ್ತದೆ; ಉಂಡದ್ದು ಬೇಗ ಅರಗಿ ಮತ್ತೆ ಊಟ ಬೇಕೆನಿಸುತ್ತದೆ. ವಾಯು, ಅಗ್ನಿ ಎಂಬ ಪರಿಭಾಷೆಯನ್ನು ಇಂದಿನ ವಿಜ್ಞಾನ ಒಪ್ಪದಿರಬಹುದು. ಆದರೆ ಮೈ ಬೆಳೆದಷ್ಟೂ ಹಸಿವು ಬೆಳೆಯುತ್ತದೆಂಬ ಅನುಭವ ಸುಳ್ಳಲ್ಲ. ಚಿಕಿತ್ಸೆಗೆ ಆತ ಹೇಳುವುದು ಎರಡೂ ಕಡೆಯಿಂದ. ಆಹಾರದಲ್ಲಿ ಜವೆ, ಸಾಮೆ, ಹಾರಕದಂಥ ಧಾನ್ಯಗಳು, ಹೆಸರು, ಹುರುಳಿ, ಮಜ್ಜಿಗೆ. ನಡತೆಯಲ್ಲಿ ಕಡಿಮೆ ನಿದ್ರೆ, ವ್ಯಾಯಾಮ, ಚಿಂತನೆ. ಇವನ್ನು ಒಮ್ಮೆಗೇ ಹೇರಿಕೊಳ್ಳದೆ ಕ್ರಮಕ್ರಮವಾಗಿ ಹೆಚ್ಚಿಸಬೇಕು. ವಾಗ್ಭಟನಂತೂ ಬಲವುಳ್ಳವನು ಕೂಡ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಮಿತಿ ಹಾಕಿದ. ಊಟವೊಂದೇ ಸಾಲದು, ಶ್ರಮವೊಂದೇ ಸಾಲದು, ಎರಡೂ ದಿನಚರಿಯಲ್ಲಿ ಬೆರೆತಿರಬೇಕು ಎಂಬುದು ಇವರ ಮತ. ಆದರೆ ಶ್ರಮ ಬೇರೆಯಾಗಿ ಏನು ಮಾಡುತ್ತದೆ, ಊಟ ಬೇರೆಯಾಗಿ ಏನು ಮಾಡುತ್ತದೆ ಎಂದು ಬಿಡಿಸಿ ನೋಡುವ ಸಾಧನ ಅವರಲ್ಲಿರಲಿಲ್ಲ. ಅದಕ್ಕೆ ಸಾವಿರಾರು ಜನರ ಲೆಕ್ಕ ಬೇಕು. ಆ ಲೆಕ್ಕ ಸಿಕ್ಕಿದ್ದು ಬ್ಯಾಂಟಿಂಗನ ಊರಿನಲ್ಲೇ, ಮತ್ತೊಂದು ಮೆಟ್ಟಿಲಿನ ಮೇಲೆ.

ಎರಡನೆಯ ಮಹಾಯುದ್ಧ ಮುಗಿದಿತ್ತು. ಇಂಗ್ಲೆಂಡಿನಲ್ಲಿ ನಡುವಯಸ್ಸಿನ ಗಂಡಸರು ಎದೆ ಹಿಡಿದುಕೊಂಡು ಹಠಾತ್ತನೆ ಸಾಯುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಕಾರಣ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರು ಇದರ ಬೆನ್ನುಹತ್ತಿದರು. ೧೯೧೦ರಲ್ಲಿ ಹುಟ್ಟಿ ಗ್ಲಾಸ್ಗೋ ನಗರದ ಬಡತನದ ನಡುವೆ ಬೆಳೆದ ಇವರು ಯುದ್ಧಕಾಲದಲ್ಲಿ ಸೈನ್ಯದ ವೈದ್ಯರಾಗಿ ನಮ್ಮ ದೇಶದಲ್ಲೂ ಕೆಲಸ ಮಾಡಿದ್ದರು. ೧೯೪೮ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸಾಮಾಜಿಕ ವೈದ್ಯ ಸಂಶೋಧನಾ ಘಟಕಕ್ಕೆ ಅವರು ಮುಖ್ಯಸ್ಥರಾದರು. ಅವರ ಊಹೆ ಇದು: ಮನುಷ್ಯ ಮಾಡುವ ಕೆಲಸಕ್ಕೂ ಅವನ ಹೃದಯಕ್ಕೂ ಏನೋ ಸಂಬಂಧವಿರಬೇಕು. ಇದನ್ನು ಪರೀಕ್ಷಿಸಲು ಊಟ, ಮನೆ, ಸಂಬಳ, ಊರು ಹೆಚ್ಚುಕಡಿಮೆ ಒಂದೇ ಆಗಿದ್ದು ಕೆಲಸದ ರೀತಿಯಲ್ಲಿ ಮಾತ್ರ ಭೇದವಿರುವ ಎರಡು ಗುಂಪುಗಳು ಬೇಕಾಗಿದ್ದವು.

ಅಂಥ ಗುಂಪು ಲಂಡನ್ನಿನ ಕೆಂಪು ಮಹಡಿ ಬಸ್ಸುಗಳಲ್ಲೇ ಇತ್ತು. ಬೆಂಗಳೂರಿನಲ್ಲಿಯೂ ಒಂದು ಕಾಲಕ್ಕೆ ಅಂಥ ಬಸ್ಸುಗಳು ಓಡಾಡುತ್ತಿದ್ದುದನ್ನು ಹಿರಿಯ ಓದುಗರು ನೆನೆಯಬಹುದು. ಒಂದೇ ಬಸ್ಸಿನಲ್ಲಿ ಇಬ್ಬರು ನೌಕರರು. ಡ್ರೈವರ್ ತನ್ನ ಪಾಳಿಯ ಹತ್ತರಲ್ಲಿ ಒಂಬತ್ತು ಪಾಲನ್ನು ಕುಳಿತೇ ಕಳೆಯುತ್ತಾನೆ. ಕಂಡಕ್ಟರ್ ಟಿಕೆಟು ಕೊಡುತ್ತ ಮೇಲಿನ ಅಂತಸ್ತಿಗೆ ಹತ್ತುತ್ತಾನೆ, ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ. ದಿನಕ್ಕೆ ೫೦೦ರಿಂದ ೭೫೦ ಮೆಟ್ಟಿಲು. ಅವನಿಗೆ ಅದು ವ್ಯಾಯಾಮವಲ್ಲ, ಹೊಟ್ಟೆಪಾಡು. ಮಾರಿಸ್ ಮತ್ತು ಸಂಗಡಿಗರು ೩೫ರಿಂದ ೬೪ರ ವಯಸ್ಸಿನ ಸುಮಾರು ೩೧,೦೦೦ ಸಾರಿಗೆ ನೌಕರರ ರೋಗದ ದಾಖಲೆಗಳನ್ನು ಕಲೆಹಾಕಿದರು. ೧೯೫೩ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು. ಹೃದಯದ ರಕ್ತನಾಳದ ರೋಗ ವರ್ಷಕ್ಕೆ ಸಾವಿರ ಡ್ರೈವರುಗಳಲ್ಲಿ ೨.೭ ಮಂದಿಗೆ ಬಂದರೆ ಸಾವಿರ ಕಂಡಕ್ಟರುಗಳಲ್ಲಿ ಬಂದದ್ದು ೧.೯ ಮಂದಿಗೆ. ಬಂದರೂ ಕಂಡಕ್ಟರುಗಳಿಗೆ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಮೊದಲ ಆಘಾತದಲ್ಲೇ ಜೀವ ಬಿಡುವುದು ಡ್ರೈವರುಗಳಲ್ಲೇ ಬಹಳ ಹೆಚ್ಚಾಗಿತ್ತು. ಅಂಚೆ ಇಲಾಖೆಯಲ್ಲಿ ಲೆಕ್ಕ ಹಾಕಿದಾಗಲೂ ಇದೇ ಕಥೆ: ನಡೆದೂ ಸೈಕಲ್ ತುಳಿದೂ ಕಾಗದ ಹಂಚುವ ಪೋಸ್ಟ್‌ಮನ್‌ಗಳಿಗಿಂತ ಕುಳಿತು ಕೆಲಸ ಮಾಡುವ ಗುಮಾಸ್ತರಲ್ಲೂ ದೂರವಾಣಿ ನೌಕರರಲ್ಲೂ ರೋಗ ಹೆಚ್ಚು.

ಒಳ್ಳೆಯ ವಿದ್ವಾಂಸನ ಲಕ್ಷಣವೆಂದರೆ ತನ್ನ ಮಾತಿಗೆ ತಾನೇ ಆಕ್ಷೇಪ ಹುಡುಕುವುದು. ಡ್ರೈವರುಗಳು ಮೊದಲಿನಿಂದಲೇ ದಪ್ಪಗಿದ್ದವರೋ ಏನೋ. ದಪ್ಪಗಿದ್ದವರೇ ಕೂರುವ ಕೆಲಸವನ್ನು ಆರಿಸಿಕೊಂಡರೋ ಏನೋ. ಹಾಗಿದ್ದರೆ ತಪ್ಪು ಕುರ್ಚಿಯದಲ್ಲ, ಬೊಜ್ಜಿನದು. ಇದನ್ನು ತಿಳಿಯಲು ಸಾವಿರಾರು ಜನರ ಸೊಂಟ ಅಳೆಯಬೇಕು. ಆ ಅಳತೆಯನ್ನು ಬೇರೊಬ್ಬರು ಆಗಲೇ ಮಾಡಿಟ್ಟಿದ್ದರು: ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುವ ದರ್ಜಿಗಳು! ಪ್ರತಿಯೊಬ್ಬನ ಷರಾಯಿಯ ಸೊಂಟದ ಅಳತೆಯೂ ದಫ್ತರದಲ್ಲಿ ಭದ್ರವಾಗಿತ್ತು. ಮಾರಿಸ್ ಆ ದಫ್ತರಗಳನ್ನು ತೆಗೆಸಿ ೧೯೫೬ರಲ್ಲಿ ಇನ್ನೊಂದು ಲೇಖನ ಬರೆದರು. ಸಂಶಯ ನಿಜವಾಯಿತು. ಎಲ್ಲ ವಯಸ್ಸಿನಲ್ಲೂ ಡ್ರೈವರುಗಳ ಸೊಂಟವೇ ದೊಡ್ಡದು. ಮುಂದೆ ೧೯೬೦ರ ದಶಕದಲ್ಲಿ ಹೊಸದಾಗಿ ಸೇರಿದವರನ್ನು ಪರೀಕ್ಷಿಸಿದಾಗಲೂ ಡ್ರೈವರಾಗಲು ಬಂದವರ ಮೈಕಟ್ಟು ಮೊದಲಿಂದಲೇ ಬೇರೆಯೆಂದು ಕಂಡುಬಂತು.

ಹಾಗಾದರೆ ಮೆಟ್ಟಿಲಿನ ವಾದ ಬಿದ್ದುಹೋಯಿತೇ? ಇಲ್ಲ. ಇನ್ನೊಂದು ಹೆಜ್ಜೆ ಉಳಿದಿತ್ತು. ನೌಕರರನ್ನು ಸೊಂಟದ ಅಳತೆಯ ಪ್ರಕಾರವೇ ತೆಳ್ಳಗಿನವರು, ಸಾಧಾರಣದವರು, ದಪ್ಪನೆಯವರು ಎಂದು ವಿಂಗಡಿಸಿ ಒಂದೊಂದು ಗುಂಪಿನೊಳಗೂ ಹೋಲಿಸಿ ನೋಡಿದರು. ತೆಳ್ಳಗಿನವರಲ್ಲಿ ತೆಳ್ಳಗಿನ ಡ್ರೈವರಿಗಿಂತ ತೆಳ್ಳಗಿನ ಕಂಡಕ್ಟರನಿಗೆ ಹಠಾತ್ ಮರಣದ ಭಯ ಕಡಿಮೆ. ದಪ್ಪನೆಯವರಲ್ಲಿಯೂ ದಪ್ಪನೆಯ ಡ್ರೈವರಿಗಿಂತ ದಪ್ಪನೆಯ ಕಂಡಕ್ಟರನಿಗೆ ಭಯ ಕಡಿಮೆ. ಮೆಟ್ಟಿಲು ಹತ್ತಿ ಹತ್ತಿಯೂ ಆ ಕಂಡಕ್ಟರನ ಹೊಟ್ಟೆ ಕರಗಿರಲಿಲ್ಲ. ಆದರೂ ಮೆಟ್ಟಿಲು ಅವನ ಹೃದಯವನ್ನು ಕಾಯುತ್ತಿತ್ತು. ತಕ್ಕಡಿಯಲ್ಲಿ ಕಾಣದ ಲಾಭವೊಂದು ಅವನಿಗೆ ಸಿಕ್ಕುತ್ತಿತ್ತು. ಬ್ಯಾಂಟಿಂಗ್ ದೋಣಿಯನ್ನು ಬಿಟ್ಟಾಗ ಬಿಟ್ಟುಕೊಟ್ಟದ್ದು ಇದನ್ನೇ.

ಈ ಸ್ಥೂಲಕಾಯದ ಕಂಡಕ್ಟರನನ್ನು ಕುರಿತು ಓದಿದಾಗ ನನಗೆ ನಮ್ಮ ನಾಡಿನ ದೊರೆಯೊಬ್ಬನ ನೆನಪಾಯಿತು. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ನಮ್ಮ ನಾಟಕ ಚಲನಚಿತ್ರಗಳ ಕೃಷ್ಣದೇವರಾಯ ನೀಳಕಾಯದ ಸುಂದರಾಂಗ. ಪಾಯೆಸ್ ಕಂಡ ಅರಸನಾದರೋ ಮಧ್ಯಮ ಎತ್ತರದವನು, ಒಳ್ಳೆಯ ಮೈಕಟ್ಟಿನವನು, ತೆಳುವೆನ್ನುವುದಕ್ಕಿಂತ ತುಸು ದಪ್ಪವೆನ್ನಬೇಕಾದವನು, ಮುಖದಲ್ಲಿ ಸಿಡುಬಿನ ಕಲೆಯುಳ್ಳವನು. ಆ ಅರಸನ ದಿನಚರಿ ಹೀಗೆ. ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ. ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುತ್ತಾನೆ. ಸಣ್ಣ ಬಟ್ಟೆಯೊಂದನ್ನು ಸುತ್ತಿಕೊಂಡು ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುತ್ತಾನೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿ ವರಸೆ ಮಾಡುತ್ತಾನೆ. ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಹಿಡಿಯುತ್ತಾನೆ. ಅದಾದ ಮೇಲೆ ಕುದುರೆಯೇರಿ ಬೆಳಗಾಗುವವರೆಗೆ ಬಯಲಿನಲ್ಲಿ ಓಡಾಡಿಸುತ್ತಾನೆ. ಸ್ನಾನ, ಪೂಜೆ, ರಾಜಕಾರ್ಯ ಇವೆಲ್ಲ ಇದರ ತರುವಾಯ. ಒಂದು ದಿನದ ಹುರುಪಲ್ಲ, ನಿತ್ಯದ ಪದ್ಧತಿ ಎಂದು ಪಾಯೆಸನ ಬರಹದಿಂದ ತಿಳಿಯುತ್ತದೆ. ಎಳ್ಳೆಣ್ಣೆ ಕುಡಿಯಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ಸೈನ್ಯದ ಮುಂದೆ ನಿಂತು ಯುದ್ಧ ಮಾಡಿದ ಅರಸನೊಬ್ಬ ತುಸು ದಪ್ಪಗೇ ಇದ್ದುಕೊಂಡು ದಿನವೂ ಬೆವರು ಹರಿಸುತ್ತಿದ್ದನೆಂಬುದು ಗಮನಿಸತಕ್ಕ ಸಂಗತಿ. ಮೈ ತೆಳ್ಳಗಿರುವುದೂ ಮೈಯಲ್ಲಿ ಕಸುವಿರುವುದೂ ಒಂದೇ ಅಲ್ಲ ಎಂಬುದಕ್ಕೆ ಹಂಪೆಯ ಸಾಕ್ಷಿಯೂ ಇದೆ.

ಮಾರಿಸರ ಕೆಲಸ ಬಸ್ಸಿಗೇ ನಿಲ್ಲಲಿಲ್ಲ. ಶ್ರಮದ ಕೆಲಸಗಳು ದೇಶದಿಂದ ದೇಶಕ್ಕೆ ಮಾಯವಾಗುತ್ತಿರುವುದನ್ನು ಅವರು ಕಂಡರು. ಎಲ್ಲರೂ ಕುರ್ಚಿಯವರೇ ಆದಮೇಲೆ ಕುರ್ಚಿಯವರಲ್ಲಿ ಉಳಿಯುವವರು ಯಾರು? ೧೯೬೮ರಿಂದ ೧೯೭೦ರ ನಡುವೆ ಬ್ರಿಟಿಷ್ ಸರ್ಕಾರದ ಕಚೇರಿಗಳಲ್ಲಿದ್ದ ನಡುವಯಸ್ಸಿನ ಸುಮಾರು ೧೭,೦೦೦ ಅಧಿಕಾರಿಗಳಿಗೆ ಅವರು ಒಂದು ಸೋಮವಾರ ಪ್ರಶ್ನಪತ್ರಿಕೆ ಕೊಟ್ಟರು: ಕಳೆದ ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ, ಗಳಿಗೆ ಗಳಿಗೆಯ ಲೆಕ್ಕ ಬರೆಯಿರಿ. ಆಮೇಲೆ ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಿದರು. ಚುರುಕಾಗಿ ನಡೆಯುವವರು, ಈಜುವವರು, ಸೈಕಲ್ ತುಳಿಯುವವರು, ತೋಟದಲ್ಲಿ ಗುದ್ದಲಿ ಹಿಡಿದು ಅಗೆಯುವವರು, ಇಂಥವರಲ್ಲಿ ಹೃದಯರೋಗ ಬಹಳ ಕಡಿಮೆ. ಸುಮ್ಮನೆ ಅತ್ತಿತ್ತ ಸುಳಿದಾಡುವವರಿಗೆ ಅಷ್ಟು ಲಾಭ ಕಾಣಲಿಲ್ಲ. ಸ್ವಲ್ಪ ಏದುಸಿರು ಬರುವಂಥ ಶ್ರಮ ಬೇಕಾಗಿತ್ತು. ಇನ್ನೂ ಒಂದು ಸಂಗತಿ ಹೊರಬಿತ್ತು: ಯೌವನದಲ್ಲಿ ಆಟಗಾರರಾಗಿದ್ದು ಈಗ ಬಿಟ್ಟುಬಿಟ್ಟವರಿಗೆ ಹಳೆಯ ಪುಣ್ಯದಿಂದ ಏನೂ ಪ್ರಯೋಜನವಿಲ್ಲ. ಕಾಲೇಜಿನ ದಿನಗಳಲ್ಲಿ ಗೆದ್ದ ಬಟ್ಟಲುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಅದರ ಮುಂದೆ ಕುಳಿತು ಕಾಫಿ ಕುಡಿಯುವವರಿಗೆ ಇದು ಕಹಿಯಾದ ಸುದ್ದಿ. ನಲವತ್ತರಲ್ಲಿ ಹೊಸದಾಗಿ ನಡೆಯತೊಡಗಿದವನಿಗೆ ಸಿಹಿಯಾದ ಸುದ್ದಿಯೂ ಇದೇ.

ಮಾರಿಸ್ ತಾವು ಕಂಡದ್ದನ್ನು ತಾವೂ ಪಾಲಿಸಿದರು. ಸಿಗರೇಟು ಬಿಟ್ಟರು. ದೊಡ್ಡವರು ಉದ್ಯಾನದಲ್ಲಿ ಓಡಿದರೆ ಜನ ತಲೆ ಕೆಟ್ಟಿದೆಯೆನ್ನುತ್ತಿದ್ದ ಕಾಲದಲ್ಲಿ ಓಡಿದರು. ತೊಂಬತ್ತು ದಾಟಿದ ಮೇಲೂ ಈಜು ನಡಿಗೆಗಳನ್ನು ಬಿಡಲಿಲ್ಲ. ೨೦೦೯ರಲ್ಲಿ ೯೯ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬನ ದೀರ್ಘಾಯುಷ್ಯ ಯಾವ ಸಿದ್ಧಾಂತಕ್ಕೂ ಪ್ರಮಾಣವಲ್ಲವೆಂದು ಆ ಲೆಕ್ಕದ ಮನುಷ್ಯರೇ ಒಪ್ಪುತ್ತಿದ್ದರು. ಆದರೂ ಕೇಳಲು ಹಿತವಾಗಿದೆ.

ಅವರ ಲೆಕ್ಕದಲ್ಲಿ ಒಂದು ಕೊರತೆಯಿದೆ. ಬಸ್ಸಿನವರಾಗಲಿ ಅಧಿಕಾರಿಗಳಾಗಲಿ ಅಲ್ಲಿ ಲೆಕ್ಕಕ್ಕೆ ಬಂದವರೆಲ್ಲ ಗಂಡಸರು. ನಮ್ಮ ಮನೆಗಳ ಚರಿತ್ರೆ ಬರೆಯುವವನು ಮೆಟ್ಟಿಲಿಗಿಂತ ಮೊದಲು ಬೀಸುವ ಕಲ್ಲನ್ನೂ ಒರಳನ್ನೂ ಬಾವಿಯ ಹಗ್ಗವನ್ನೂ ನೆನೆಯಬೇಕು. ನಮ್ಮ ಅಜ್ಜಿಯರು ಬೆಳಗಿನ ಜಾವಕ್ಕೆ ಎದ್ದು ಬೀಸಿದರು, ಕುಟ್ಟಿದರು, ನೀರು ಸೇದಿದರು. ಅದನ್ನು ಆರೋಗ್ಯದ ಸಾಧನೆಯೆಂದು ಇಂದು ಕೊಂಡಾಡುವವರಿದ್ದಾರೆ. ಹಾಗೆ ಕೊಂಡಾಡುವವರಲ್ಲಿ ಒಂದು ದಿನವಾದರೂ ಬೀಸುವ ಕಲ್ಲಿನ ಮುಂದೆ ಕುಳಿತವರು ಕಡಿಮೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡು ದುಡಿದ ಆ ದುಡಿಮೆಯಲ್ಲಿ ಆಯ್ಕೆ ಇರಲಿಲ್ಲ, ಬಿಡುವಿರಲಿಲ್ಲ. ಮಿಕ್ಸಿಯೂ ನಲ್ಲಿಯೂ ಬಂದದ್ದು ಒಳ್ಳೆಯದೇ ಆಯಿತು. ಕಳೆದುಹೋದ ಶ್ರಮವನ್ನು ಹಿಂದಕ್ಕೆ ತರುವುದಾದರೆ ಅದು ಹೆಂಗಸರ ತಲೆಗೆ ಮಾತ್ರ ಕಟ್ಟುವ ಶ್ರಮವಾಗಬಾರದು. ಮನೆಯಲ್ಲಿ ಎಲ್ಲರಿಗೂ ಅರ್ಧ ಗಂಟೆಯ ನಡಿಗೆಗೆ ಬಿಡುವು ಸಿಗಬೇಕಾದರೆ ಒಲೆಯ ಮುಂದಿನ ಕೆಲಸವನ್ನು ಯಾರಾದರೂ ಹಂಚಿಕೊಳ್ಳಬೇಕಾಗುತ್ತದೆ. ನಡಿಗೆಗೆ ಬೇಕಾದ ಮೊದಲ ಉಪಕರಣ ಪಾದರಕ್ಷೆಯಲ್ಲ, ಈ ಬಿಡುವು.

ಇಂದಿನ ನಮ್ಮ ಸ್ಥಿತಿ ಏನು? ‘ಮೈಕೈ ತುಂಬಿಕೊಂಡಿದ್ದಾನೆ’ ಎಂಬುದು ಕನ್ನಡದಲ್ಲಿ ಹೊಗಳಿಕೆ. ‘ಸೊರಗಿದ್ದಾನೆ’ ಎಂಬುದು ಕನಿಕರ. ಬರಗಾಲಗಳನ್ನು ಕಂಡ ನಾಡಿನ ಭಾಷೆಯಲ್ಲಿ ಇದು ಸಹಜ. ಹೊಟ್ಟೆ ಬಂದದ್ದು ಕಾಲ ಒಳ್ಳೆಯದಾದುದರ ಗುರುತು. ಆದರೆ ೨೦೨೩ರಲ್ಲಿ ಪ್ರಕಟವಾದ, ಭಾರತದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ವೈದ್ಯಕೀಯ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು ೨೯ ಮಂದಿ ಸ್ಥೂಲಕಾಯರು. ಹೊಟ್ಟೆಯ ಸುತ್ತ ಬೊಜ್ಜುಳ್ಳವರು ನೂರಕ್ಕೆ ಸುಮಾರು ೪೦. ನಮ್ಮವರಿಗೆ ಗಂಡಸರಲ್ಲಿ ೯೦, ಹೆಂಗಸರಲ್ಲಿ ೮೦ ಸೆಂಟಿಮೀಟರಿನ ಸೊಂಟದ ಅಳತೆಯಿಂದಲೇ ಎಚ್ಚರಿಕೆ ಬೇಕೆಂದು ವೈದ್ಯರು ಹೇಳುತ್ತಾರೆ. ತೋಳು ಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವ ದೇಹ ನಮ್ಮಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಅದು ಹೆಬ್ಬಾಗಿಲು. ದರ್ಜಿಯ ಟೇಪು ಇಂದಿಗೂ ಒಳ್ಳೆಯ ವೈದ್ಯ ಸಾಧನವೇ.

ಇದಕ್ಕೆ ಈಗ ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಹೊಸ ಔಷಧಗಳೂ ಬಂದಿವೆ. ಬಹಳ ತೂಕ ಇಳಿಸುತ್ತವೆ. ಬೇಕಾದವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಲಿ. ಆದರೆ ಮೇಲಿನ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ತೂಕ ಮುಖ್ಯವಾಗಿ ಇಳಿಯುವುದು ತಟ್ಟೆಯಿಂದ. ಅಲ್ಲಿ ಬ್ಯಾಂಟಿಂಗ್ ಗೆದ್ದ. ಗಂಟೆಗಟ್ಟಲೆ ನಡೆದು ಗಳಿಸಿದ್ದನ್ನು ಎರಡು ಹೋಳಿಗೆ ಕಳೆಯಬಲ್ಲವು. ಆದರೆ ಹೃದಯದ, ಉಸಿರಿನ, ಕಾಲಿನ ಬಲ ಬರುವುದು ಮೆಟ್ಟಿಲಿನಿಂದ; ಅದಕ್ಕೆ ತಕ್ಕಡಿಯ ಅಂಕಿತ ಬೇಕಿಲ್ಲ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿ ನಿರಾಶರಾಗಿ ಎರಡನ್ನೂ ಬಿಡುವುದೇ ನಮ್ಮ ತಪ್ಪು. ವಾರದಲ್ಲಿ ೧೫೦ ನಿಮಿಷಗಳಾದರೂ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ದಿನಕ್ಕೆ ಹಂಚಿದರೆ ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಮೇಲೆ: ಮನೆಯಿಂದ ಎರಡು ಬಸ್ ನಿಲ್ದಾಣದಷ್ಟು ದೂರ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಗಾದೆ ಹೇಳುತ್ತದೆ. ಆ ಗಾದೆ ಹುಟ್ಟಿದ ಕಾಲದಲ್ಲಿ ನಡಿಗೆಯ ಮಾತನ್ನು ಸೇರಿಸುವ ಅಗತ್ಯವಿರಲಿಲ್ಲ. ಹೊಲಕ್ಕೆ, ಕೆರೆಗೆ, ಸಂತೆಗೆ ಎಲ್ಲರೂ ನಡೆಯುತ್ತಲೇ ಇದ್ದರು. ಈಗ ಸೇರಿಸಬೇಕಾಗಿದೆ. ನಾನು ಪಾಠ ಹೇಳುವ ಕಟ್ಟಡದಲ್ಲಿ ಮೂರು ಅಂತಸ್ತು, ಒಂದು ಲಿಫ್ಟು. ಲಿಫ್ಟಿನ ಮುಂದೆ ಕಾಯುವವರಲ್ಲಿ ಹೆಚ್ಚಿನವರು ಇಪ್ಪತ್ತು ವರ್ಷದ ಹುಡುಗರು, ಅವರ ನಡುವೆ ನಾನೂ ನಿಂತದ್ದುಂಟು. ಈ ಲೇಖನಕ್ಕಾಗಿ ಓದತೊಡಗಿದ ಮೇಲೆ ಪಕ್ಕದ ಮೆಟ್ಟಿಲುಗಳನ್ನು ಎಣಿಸಿದೆ: ಮೇಲಿನವರೆಗೆ ೬೬. ದಿನಕ್ಕೆ ಮೂರು ಸಲ ಹತ್ತಿದರೂ ಕಂಡಕ್ಟರನ ಲೆಕ್ಕದ ಅರ್ಧಕ್ಕೂ ಬರುವುದಿಲ್ಲ. ಮೊದಲ ವಾರ ಎರಡನೆಯ ಅಂತಸ್ತಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ. ಈಗ ನಿಲ್ಲುವುದಿಲ್ಲ. ತೂಕ ಇಳಿಯಿತೇ ಎಂದು ಗೆಳೆಯರು ಕೇಳುತ್ತಾರೆ. ಇಳಿದಿಲ್ಲ. ಅದಕ್ಕೆ ಊಟದ ಕಡೆ ಬೇರೆ ನೋಡಬೇಕು. ಮೆಟ್ಟಿಲನ್ನಂತೂ ಬಿಡುವುದಿಲ್ಲ.